ಧರ್ಮಪ್ಪನವರು ಕಂಬದ ಮೇಲಿದ್ದಾಗ ನಮ್ಮ ಮನೆಗೆ ಬೆಳಕು ಬಂದ ಬಗ್ಗೆ

೧. ಹೇಳಿಕೆದಾರರ ಹೆಸರು: ಓಂಕಾರಪ್ಪ ಬಿನ್ ಲೇಟ್ ಹಾಲಪ್ಪ
೨. ವಯಸ್ಸು: ೭೪ ವರ್ಷ
೩. ಉದ್ಯೋಗ: ನಿವೃತ್ತ. ಭದ್ರಾವತಿಯ ಕಾಗದ ಕಾರ್ಖಾನೆಯ ಪವರ್ ಹೌಸಿನಲ್ಲಿ ಮೂವತ್ತೊಂದು ವರ್ಷ ಸೇವೆ. ಕೊನೆಯ ಹುದ್ದೆ ಫೋರ್‌ಮನ್
೪. ವಾಸ: ರಾಗಿಗುಡ್ಡದ ಹತ್ತಿರ, ಶಿವಮೊಗ್ಗ ನಗರ. ಸ್ವಂತ ಮನೆ, ಎರಡು ಅಂತಸ್ತು, ಹನ್ನೊಂದು ಕೋಣೆ
೫. ಮೃತರೊಂದಿಗೆ ಸಂಬಂಧ: ರಕ್ತಸಂಬಂಧ ಇರುವುದಿಲ್ಲ. ಹದಿನಾರು ವರ್ಷಗಳ ಪರಿಚಯ
೬. ಇದೇ ಪ್ರಕರಣದಲ್ಲಿ ಹಿಂದೆ ನೀಡಿದ ಹೇಳಿಕೆ: ದಿನಾಂಕ ೦೧-೧೦-೨೦೨೫ರಂದು, "ನಾನು ಪೂಜೆಯಲ್ಲಿದ್ದೆನು" ಎಂಬ ಒಂದು ಸಾಲು. ಅದು ಸುಳ್ಳಲ್ಲ. ಆದರೆ ಅಪೂರ್ಣವಾಗಿರುತ್ತದೆ

ಮೇಲ್ಕಂಡ ನಾನು ಯಾರ ಒತ್ತಾಯವೂ ಇಲ್ಲದೆ, ಮನೆಯವರ ಒಪ್ಪಿಗೆಯೂ ಇಲ್ಲದೆ, ಈ ದಿನ ಠಾಣೆಗೆ ಹಾಜರಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ದಿನಾಂಕ ೦೧-೧೦-೨೦೨೫ರ ಬುಧವಾರ, ಆಯುಧಪೂಜೆಯ ಸಂಜೆ, ನಮ್ಮ ಗೇಟಿನಿಂದ ಸುಮಾರು ನಲವತ್ತು ಅಡಿ ದೂರದ ವಿದ್ಯುತ್ ಕಂಬದ ಮೇಲೆ ಲೈನ್‌ಮನ್ ಧರ್ಮಪ್ಪ, ವಯಸ್ಸು ೫೨, ವಾಸ ಭದ್ರಾವತಿ ಹಳೇನಗರ, ಇವರು ಶಾಕ್ ಹೊಡೆದು ಮೃತಪಟ್ಟಿರುತ್ತಾರೆ. ಅವರು ಕುಡಿದು ಕಂಬ ಹತ್ತಿದ್ದರೆಂದೂ, ಫ್ಯೂಸ್ ತೆಗೆಯದೆ ತಂತಿ ಮುಟ್ಟಿದರೆಂದೂ ನನ್ನ ಮಗ ಜ್ಞಾನೇಶ್, ವಯಸ್ಸು ೪೫, ಹಾರ್ಡ್‌ವೇರ್ ವ್ಯಾಪಾರ, ಇವನು ಅದೇ ದಿನ ತಮ್ಮ ಮುಂದೆ ಹೇಳಿರುತ್ತಾನೆ. ಈ ಎರಡು ಮಾತುಗಳಲ್ಲಿ ಒಂದೂ ನಿಜವಲ್ಲ. ಆ ಹೇಳಿಕೆ ಹಾಗೆಯೇ ಉಳಿದಲ್ಲಿ ಧರ್ಮಪ್ಪನವರು ತಮ್ಮ ತಪ್ಪಿನಿಂದ ತಾವೇ ಸತ್ತರೆಂದು ದಾಖಲಾಗುತ್ತದೆ, ಮತ್ತು ಅವರ ಪತ್ನಿ ವಿಮಲಮ್ಮನವರಿಗೆ ಸಲ್ಲಬೇಕಾದ ಯಾವುದೂ ಸಲ್ಲದೆ ಹೋಗುತ್ತದೆ. ಆದ ಕಾರಣ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಸುತ್ತಿದ್ದೇನೆ.

ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಂದು ಹಳೆಯ ಡೀಸೆಲ್ ಜನರೇಟರ್ ಇರುತ್ತದೆ. ಅದರ ಆರೈಕೆಯನ್ನು ನಾನೇ ಮಾಡಿಕೊಂಡು ಬಂದಿರುತ್ತೇನೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಲೋಡ್ ಇಲ್ಲದೆ, ಹತ್ತು ನಿಮಿಷ ಮನೆಯ ದೀಪ ಫ್ಯಾನುಗಳ ಲೋಡ್ ಕೊಟ್ಟು ಓಡಿಸುವುದು, ಬ್ಯಾಟರಿಯ ನೀರು ನೋಡುವುದು, ಆಯಿಲ್ ಕಪ್ಪಾಗುವ ಮೊದಲೇ ಬದಲಾಯಿಸುವುದು, ಡೀಸೆಲನ್ನು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೊಳೆಯಲು ಬಿಡದಿರುವುದು, ಇವುಗಳಲ್ಲಿ ಒಂದನ್ನೂ ತಪ್ಪಿಸಿರುವುದಿಲ್ಲ. ಈ ಸೆಟ್ಟನ್ನು ಬೋರ್ಡಿನಲ್ಲಿರುವ ಚೇಂಜ್‌ಓವರ್ ಸ್ವಿಚ್ಚಿಗೆ ಖಾಯಂ ಆಗಿ ಜೋಡಿಸಿರುತ್ತದೆ. ಆ ಸ್ವಿಚ್ಚಿನ ಹಿಡಿಯನ್ನು ಒಂದು ಕಡೆ ತಿರುಗಿಸಿದರೆ ಮನೆಗೆ ಬೀದಿಯ ಕರೆಂಟು, ಇನ್ನೊಂದು ಕಡೆ ತಿರುಗಿಸಿದರೆ ಜನರೇಟರಿನ ಕರೆಂಟು. ಎರಡೂ ಒಟ್ಟಿಗೆ ಸೇರಲು ಸಾಧ್ಯವಿಲ್ಲ. ಜನರೇಟರಿನ ಕರೆಂಟು ಮನೆ ದಾಟಿ ಬೀದಿಯ ತಂತಿಗೆ ಹೋಗದಂತೆ ತಡೆಯುವುದು ಈ ಹಿಡಿಯೇ.

ಹಳೆಯ ಸೆಟ್ಟು ಶುರುವಾದರೆ ಬೀದಿಯ ತುದಿಯವರೆಗೂ ಕೇಳುತ್ತಿತ್ತು. ಎದುರು ಮನೆಯ ಅತುಲ್ ಎಂಬ ಬ್ಯಾಂಕ್ ನೌಕರರು, "ಅಂಕಲ್, ನಿಮ್ಮ ಜನರೇಟರ್ ಬಂತು ಅಂದ್ರೆ ನಾವು ಮನೆಲಿ ಕೈಸನ್ನೆಲೇ ಮಾತಾಡ್ಬೇಕು" ಎಂದು ಒಮ್ಮೆ ನಗುತ್ತ ಹೇಳಿದ್ದರು. ನನಗೆ ಅದು ಅವಮಾನವೆನಿಸಿತು. ಹೊಸ ಸೆಟ್ಟು ಕೊಳ್ಳುವುದೆಂದು ತೀರ್ಮಾನಿಸಿ, ಸೆಪ್ಟೆಂಬರ್ ತಿಂಗಳಲ್ಲಿ ನಾನೂ ಮಗನೂ ಭದ್ರಾವತಿಯಲ್ಲಿ ಜನರೇಟರ್ ಮಾರುವ ಮಧುಸೂದನ ಎಂಬವರ ಅಂಗಡಿಗೆ ಹೋದೆವು. ಮಗನು ಹದಿನೈದು ಕೆ.ವಿ.ಎ. ಬೇಕೆಂದನು. ಮಧುಸೂದನರು, "ಸಾರ್, ಮನೆ ನಡೆಸ್ತೀರೋ, ಟಾಕೀಸ್ ನಡೆಸ್ತೀರೋ? ಏಳೂವರೆ ಧಾರಾಳ ಆಯ್ತು" ಎಂದರು. ದೀಪ, ಫ್ಯಾನು, ಎರಡು ಫ್ರಿಜ್ಜು, ಬೋರ್‌ವೆಲ್ ಮೋಟಾರು ಇವೆಲ್ಲವನ್ನೂ ನಾನೇ ಲೆಕ್ಕ ಹಾಕಿ ಅವರ ಮಾತು ಸರಿಯೆಂದು ಒಪ್ಪಿದೆನು. ನನ್ನದಾಗಿ ನಾನು ಒಂದೇ ಷರತ್ತನ್ನು ಹಾಕಿದೆನು. ಸೆಟ್ಟು ಓಡುತ್ತಿದೆಯೋ ನಿಂತಿದೆಯೋ ಗೇಟಿನಲ್ಲಿ ನಿಂತವನಿಗೆ ತಿಳಿಯಬಾರದು ಎಂದು ಹೇಳಿದೆನು. ಮಧುಸೂದನರು ಅಂತಹದ್ದೇ ಒಂದನ್ನು ತೋರಿಸಿದರು. ಸುತ್ತಲೂ ಮುಚ್ಚಿದ ಪೆಟ್ಟಿಗೆ, ಕೆಳಗೆ ಗಾಲಿ, ಬದಿಯಲ್ಲಿ ಪ್ಲಗ್ ಹಾಕುವ ಸಾಕೆಟ್ಟು. ಅದನ್ನೇ ಆರಿಸಿದೆನು.

ಸದರಿ ಹೊಸ ಸೆಟ್ಟು ಆಯುಧಪೂಜೆಯ ದಿನ ಬೆಳಿಗ್ಗೆ ಮನೆಗೆ ಬಂತು. ಅಷ್ಟರಲ್ಲಿ ನಾನು ಹಳೆಯ ಸೆಟ್ಟಿಗೂ, ಮೀಟರಿನ ಪಕ್ಕದ ಬೋರ್ಡಿಗೂ ಪೂಜೆ ಮುಗಿಸಿದ್ದೆನು. ಮೇನ್ ಸ್ವಿಚ್ಚಿಗೂ ಚೇಂಜ್‌ಓವರ್ ಹಿಡಿಗೂ ವಿಭೂತಿ ಬಳಿದು, ಕುಂಕುಮವಿಟ್ಟು, ಎರಡನ್ನೂ ಸೇರಿಸಿ ಸೇವಂತಿಗೆ ಹಾರವನ್ನು ದಾರದಿಂದ ಬಿಗಿದು ಕಟ್ಟಿದ್ದೆನು. ಪೂಜೆಯಾದ ಆಯುಧವನ್ನು ಮರುದಿನ ವಿಜಯದಶಮಿಯ ಬೆಳಿಗ್ಗೆ ಹಾಲುಹಣ್ಣು ಇಟ್ಟು ಕದಲಿಸುವವರೆಗೆ ಯಾರೂ ಮುಟ್ಟತಕ್ಕದ್ದಲ್ಲ ಎಂಬುದು ನಮ್ಮ ಮನೆಯ ಕಟ್ಟು. ಕಾರ್ಖಾನೆಯ ಪವರ್ ಹೌಸಿನಲ್ಲಿ ಓಡುವ ಯಂತ್ರಗಳಿಗೆ ಈ ಕಟ್ಟು ಇರಲಿಲ್ಲ. ಮನೆಯ ಬೋರ್ಡಿಗೆ ಅದನ್ನು ಅನ್ವಯಿಸಿದವನು ನಾನು.

ಮಧುಸೂದನರು ಹೊಸ ಸೆಟ್ಟನ್ನು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ ನಿಲ್ಲಿಸಿ, ಆಯಿಲ್ ಮತ್ತು ಡೀಸೆಲ್ ತುಂಬಿ, ಲೋಡ್ ಇಲ್ಲದೆ ಐದು ನಿಮಿಷ ಓಡಿಸಿ ತೋರಿಸಿದರು. ಚೇಂಜ್‌ಓವರಿಗೆ ಜೋಡಿಸಲು ಬೋರ್ಡು ಬಿಚ್ಚಬೇಕೆಂದರು. ನಾನು ಈ ದಿನ ಬೋರ್ಡು ಮುಟ್ಟಕೂಡದೆಂದೆನು. ಅವರು, "ಹಂಗಾದ್ರೆ ನಾಳೆ ಬರ್ತೀನಿ ಸಾರ್. ಅಲ್ಲೀ ತಂಕ ಇದರಿಂದ ಮನೆಗೆ ಕರೆಂಟ್ ಕೊಡ್ಬೇಡಿ" ಎಂದು ನನಗೂ ಮಗನಿಗೂ ಒಟ್ಟಿಗೆ ಹೇಳಿ, ಮಂಡಕ್ಕಿ ಪ್ರಸಾದ ತೆಗೆದುಕೊಂಡು ಹೋದರು. ಅವರ ಮೇಲೆ ನನ್ನ ದೂರು ಏನೂ ಇರುವುದಿಲ್ಲ.

ಸಂಜೆ ಐದು ಗಂಟೆಯ ನಂತರ, ಪೂಜೆ ಮಾಡಿದ ಲಾರಿಯೊಂದು ನಮ್ಮ ಬೀದಿಯಲ್ಲಿ ಬಂತು. ಕ್ಯಾಬಿನ್ನಿನ ಎರಡೂ ಬದಿಗೆ ಎತ್ತರದ ಬಾಳೆಕಂಬಗಳನ್ನು ಕಟ್ಟಿದ್ದರು. ರಸ್ತೆಯ ಮೇಲಿನ ತಂತಿ ಬಾಳೆಕಂಬಕ್ಕೆ ಸಿಕ್ಕಿ, ನಮ್ಮ ಮನೆಯ ಹತ್ತಿರದ ಕಂಬದ ಬಳಿ ತುಂಡಾಯಿತು. ಇಡೀ ಬೀದಿಯಲ್ಲಿ ಕರೆಂಟು ಹೋಯಿತು. ತುಂಡಾದ ಜಾಗದಿಂದ ಈಚೆ, ಅಂದರೆ ನಮ್ಮ ಕಡೆಗೆ ಉಳಿದ ತಂತಿಯಲ್ಲಿ ಎರಡೇ ಮನೆಗಳಿರುತ್ತವೆ; ಎದುರು ಸಾಲಿನ ಮನೆಗಳ ಸಂಪರ್ಕ ತುಂಡಾದ ಜಾಗದಿಂದ ಆಚೆಗಿರುತ್ತದೆ. ಒಂದು ನಮ್ಮದು. ಇನ್ನೊಂದು ದಾವಣಗೆರೆಯಲ್ಲಿರುವವರ ಬೀಗ ಹಾಕಿದ ಮನೆ. ಆ ಮನೆಯ ಗೇಟಿನ ದೀಪವನ್ನು ಅವರು ಎಂದೂ ಆರಿಸುವುದಿಲ್ಲ. ಈ ದೀಪದ ವಿಷಯವನ್ನು ದಯವಿಟ್ಟು ಗಮನದಲ್ಲಿಡಬೇಕಾಗಿ ಕೋರಿಕೆ.

ಸುಮಾರು ಐದೂವರೆಗೆ ಧರ್ಮಪ್ಪನವರು ಬೈಕಿನಲ್ಲಿ ಬಂದರು. ನಾನು ಜಗುಲಿಯಲ್ಲಿ ಕುಳಿತಿದ್ದೆನು. ಅವರು ಗೇಟು ದಾಟಿ ಜಗುಲಿಯ ಬಳಿ ಬಂದು ನಿಂತು, "ಯಜಮಾನ್ರೇ, ಬಾಳೆಕಂಬ ಕಟ್ಕೊಂಡು ಬಂದ ಲಾರಿ ಊರಿನ ಕರೆಂಟ್ ಕಟ್ಕೊಂಡು ಹೋಗಿದೆ ನೋಡಿ" ಎಂದು ನಕ್ಕರು. ನಾನು ಹಬ್ಬದ ದಿನವೂ ಇವರಿಗೆ ಬಿಡುವಿಲ್ಲವಲ್ಲ ಎಂದೆನು. "ನಮ್ದೂ ಪೂಜೆ ಆಯ್ತು ಬಿಡಿ, ಕಟಿಂಗ್ ಪ್ಲೇರ್‌ಗೆ ಒಂದು ಹೂವು ಇಟ್ಟೆ. ಅದು ನಿಮ್ಮ ಸ್ವಿಚ್‌ಬೋರ್ಡ್ ತರ ರಜಾ ಕೇಳೋಲ್ಲ" ಎಂದರು. ನನ್ನ ಪತ್ನಿ ಉಮಾಮಹೇಶ್ವರಿ, ವಯಸ್ಸು ೬೮, ಇವಳು ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಕಡಲೆ, ಬತ್ತಾಸು ತಂದುಕೊಟ್ಟಳು. ಅವರು ಪೊಟ್ಟಣವನ್ನು ಎರಡೂ ಕೈಯಿಂದ ತೆಗೆದುಕೊಂಡು, ಕೆಲಸ ಮುಗಿಸಿ ತಿನ್ನುವುದಾಗಿ ಹೇಳಿ ಚೀಲದೊಳಗೆ ಇಟ್ಟರು. ಇಷ್ಟು ಹೊತ್ತು ಅವರು ನನ್ನಿಂದ ಮೂರು ಅಡಿ ದೂರದಲ್ಲಿದ್ದರು. ಅವರ ಬಾಯಿಯಿಂದ ಎಲೆಅಡಿಕೆಯ ವಾಸನೆಯ ಹೊರತು ಬೇರಾವ ವಾಸನೆಯೂ ಇರಲಿಲ್ಲ.

ಚೀಲವನ್ನು ಮುಚ್ಚುವ ಮೊದಲು ಅದರೊಳಗಿದ್ದ ಮೂರು ಪಿಂಗಾಣಿ ಫ್ಯೂಸುಗಳನ್ನು ತೋರಿಸಿ, "ಟ್ರಾನ್ಸ್‌ಫಾರ್ಮರ್‌ದು ಕಿತ್ಕೊಂಡು ಬಂದೀನಿ. ಅಲ್ಲೇ ಬಿಟ್ರೆ ಯಾರೋ ಒಬ್ಬ ಮಾರಾಯ ಬಂದು ಹಾಕ್ಬಿಡ್ತಾನೆ" ಎಂದರು. ನಂತರ, "ಹೊಸ ಸೆಟ್ ತಂದ್ರಂತೆ. ಇನ್ಮೇಲೆ ನಮ್ಮನ್ನ ಬೈಯೋ ಮನೆ ಒಂದು ಕಡಿಮೆ ಆಯ್ತು. ಆದ್ರೆ ಯಜಮಾನ್ರೇ, ನಾನು ಮೇಲಿರ್ತೀನಿ. ಸೆಟ್ ಹಾಕೋದಾದ್ರೆ ಚೇಂಜ್‌ಓವರ್ ತಿರುಗಿಸಿ ಹಾಕಿ" ಎಂದರು.

ನಾನು ಅದಕ್ಕೆ ಏನು ಉತ್ತರ ಕೊಟ್ಟೆನೋ ಅದನ್ನು ಯಥಾವತ್ತಾಗಿ ಬರೆಸುತ್ತಿದ್ದೇನೆ. "ಪವರ್ ಹೌಸಿನವನಿಗೆ ಪಾಠ ಹೇಳ್ತೀಯೇನಯ್ಯಾ? ಬೋರ್ಡಿಗೆ ಪೂಜೆ ಆಗಿದೆ. ನಾಳೆ ಕದಲಿಸೋ ತನಕ ನಮ್ಮನೇಲಿ ಸೆಟ್ ಹಾಕೋಲ್ಲ. ನೀನು ಹತ್ತು" ಎಂದೆನು.

ಧರ್ಮಪ್ಪನವರು, "ನೀವು ಹೇಳಿದ್ಮೇಲೆ ಮುಗೀತು" ಎಂದು ಕಂಬದ ಕಡೆ ಹೋದರು. ಚೀಲವನ್ನು ಕಂಬದ ಬುಡದಲ್ಲಿಟ್ಟು, ಏಣಿ ಹಾಕಿ ಹತ್ತಿ, ಸೊಂಟಕ್ಕೆ ಬೆಲ್ಟ್ ಬಿಗಿದು, ಟೆಸ್ಟ್ ಲ್ಯಾಂಪಿನಿಂದ ತಂತಿಯನ್ನು ಪರೀಕ್ಷಿಸಿದರು. ದೀಪ ಉರಿಯಲಿಲ್ಲ. ಇದನ್ನು ನಾನು ಜಗುಲಿಯಿಂದ ಕಣ್ಣಾರೆ ಕಂಡಿರುತ್ತೇನೆ. ಅವರ ಕೈಯಲ್ಲಿ ರಬ್ಬರ್ ಗವಸು ಇರಲಿಲ್ಲವೆಂದು ಈಗ ಹೇಳುತ್ತಿದ್ದಾರೆ. ಇರಲಿಲ್ಲ ಎಂಬುದು ನಿಜ. ಅವರ ಬಳಿ ನನ್ನ ಮಾತು ಇತ್ತು.

ನಂತರ ನಾನು ಎದ್ದು ಸ್ನಾನ ಮಾಡಿ ಸಂಜೆಯ ಲಿಂಗಪೂಜೆಗೆ ಕುಳಿತೆನು. ಧರ್ಮಪ್ಪನವರಿಗೆ ಕೊಟ್ಟ ಮಾತನ್ನು ಒಳಗೆ ಯಾರಿಗೂ ತಿಳಿಸಲಿಲ್ಲ. ನಾನು ಹೇಳಿದ ಮೇಲೆ ಅದು ನಡೆಯುತ್ತದೆ ಎಂಬುದು ನನ್ನ ಮನೆಯಲ್ಲಿ ನಾನು ರೂಢಿಸಿಕೊಂಡ ನಂಬಿಕೆಯಾಗಿತ್ತು.

ಮನೆಯಲ್ಲಿ ಹಬ್ಬಕ್ಕೆ ಬಂದ ಹದಿನೈದು ಇಪ್ಪತ್ತು ಮಂದಿ ನೆಂಟರಿದ್ದರು. ಕತ್ತಲಾಗತೊಡಗಿತ್ತು. ನನ್ನ ಪತ್ನಿಯ ತಮ್ಮ ಸುಬ್ಬಪ್ಪ, ವಯಸ್ಸು ೬೩, ಇವರು ನನ್ನ ಮಗನಿಗೆ, "ಏನೋ ಜ್ಞಾನೇಶಾ, ಹೊಸ ಜನರೇಟರ್ ಏನು ಉಪ್ಪಿನಕಾಯಿ ಹಾಕೋಕೆ ತಂದ್ಯಾ?" ಎಂದು ಎಲ್ಲರೆದುರು ಹಾಸ್ಯ ಮಾಡಿದರೆಂದು ನನ್ನ ಪತ್ನಿ ನಂತರ ತಿಳಿಸಿರುತ್ತಾಳೆ. ಮಗನು, "ಅಪ್ಪಾಜಿ ಕತ್ತಲಲ್ಲಿ ಪೂಜೆಗೆ ಕೂತಿದ್ದಾರೆ. ಬೋರ್ಡ್ ಮುಟ್ಟದೆ ಬೆಳಕು ಕೊಡ್ತೀನಿ ನೋಡಿ" ಎಂದನಂತೆ. ಅವನು ಅಂಗಡಿಯಿಂದ ತಂದಿಟ್ಟಿದ್ದ ಹಳದಿ ವೈರಿನ ಎರಡೂ ತುದಿಗೆ ಪಿನ್ ಕೂರಿಸಿ, ಒಂದು ತುದಿಯನ್ನು ಹೊಸ ಸೆಟ್ಟಿಗೂ ಇನ್ನೊಂದನ್ನು ಬಟ್ಟೆ ಒಗೆಯುವ ಮೆಷಿನ್ನಿನ ಸಾಕೆಟ್ಟಿಗೂ ಚುಚ್ಚಿದನು. ಹೀಗೆ ಮಾಡಿದಾಗ ಸಾಕೆಟ್ಟಿನಿಂದ ಕರೆಂಟು ಹೊರಬರುವ ಬದಲು ಸಾಕೆಟ್ಟಿನ ಮೂಲಕ ಒಳನುಗ್ಗಿ ಇಡೀ ಮನೆಯನ್ನು ತುಂಬುತ್ತದೆ. ಮೇನ್ ಸ್ವಿಚ್ ತೆಗೆಯದಿದ್ದರೆ ಮನೆಯನ್ನು ತುಂಬಿ ಬೀದಿಯ ತಂತಿಗೂ ಹೋಗುತ್ತದೆ. ಮೇನ್ ಸ್ವಿಚ್ಚಿಗೆ ನಾನು ಹಾರ ಕಟ್ಟಿದ್ದೆನು. ನನ್ನ ಕಟ್ಟನ್ನು ಮೀರಬಾರದೆಂದು ಮಗನು ಅದನ್ನು ಮುಟ್ಟಲಿಲ್ಲ.

ಅವನು ಹಿತ್ತಲಿನಲ್ಲಿದ್ದನು. ಕಂಬದ ಮೇಲೆ ಮನುಷ್ಯನಿರುವುದು ಅವನಿಗೆ ತಿಳಿದಿರಲಿಲ್ಲ. ಇದನ್ನೂ ನಿಜವೆಂದು ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ನಾನು ಕಣ್ಣು ಮುಚ್ಚಿ ಕುಳಿತಿದ್ದಾಗ ಪೂಜಾ ಕೋಣೆಯ ದೀಪ ಬಂತು. ಹೊರಗೆ ಮಕ್ಕಳು ಹೋ ಎಂದು ಕೂಗಿದರು. ಸೆಟ್ಟಿನ ಶಬ್ದ ನನಗೆ ಕೇಳಿಸಲಿಲ್ಲ. ಧರ್ಮಪ್ಪ ಬೇಗ ಕೆಲಸ ಮುಗಿಸಿದ, ಒಳ್ಳೆಯ ಕೆಲಸಗಾರ, ಎಂದು ಮನಸ್ಸಿನಲ್ಲಿ ಅಂದುಕೊಂಡು ಪೂಜೆ ಮುಂದುವರಿಸಿದೆನು. ಎಷ್ಟು ಹೊತ್ತು ಮುಂದುವರಿಸಿದೆನೆಂದು ನಿಖರವಾಗಿ ಹೇಳಲಾರೆನು. ನೂರೆಂಟು ಜಪ ಪೂರ್ತಿಯಾಯಿತು.

ಅತುಲ್ ಅವರು ಗೇಟಿನ ಬಳಿ ಬಂದು ನನ್ನ ಹೆಸರು ಹಿಡಿದು ಕೂಗಿದ್ದರಿಂದ ಹೊರಗೆ ಬಂದೆನು. ಬೀದಿಯ ಎಲ್ಲ ಮನೆಗಳೂ ಕತ್ತಲಲ್ಲಿದ್ದವು. ನಮ್ಮ ಮನೆ ಬೆಳಗುತ್ತಿತ್ತು. ಬೀಗ ಹಾಕಿದ ಮನೆಯ ಗೇಟಿನ ದೀಪವೂ ಉರಿಯುತ್ತಿತ್ತು. ಅಷ್ಟು ಕಂಡದ್ದೇ ನನಗೆ ಸಾಕಾಯಿತು. ಮೂವತ್ತೊಂದು ವರ್ಷ ಪವರ್ ಹೌಸಿನಲ್ಲಿದ್ದವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನು ಹಿತ್ತಲಿನ ಕಡೆ ಓಡುತ್ತ ವೈರು ಕೀಳೆಂದು ಕೂಗಿದೆನು. ಮಗನು ಕಿತ್ತನು. ನಮ್ಮ ಮನೆಯ ದೀಪಗಳೂ ಆ ಬೀಗದ ಮನೆಯ ದೀಪವೂ ಒಂದೇ ಸಲಕ್ಕೆ ಆರಿದವೆಂದು ರಸ್ತೆಯಲ್ಲಿದ್ದ ಅತುಲ್ ಅವರು ಹೇಳಿರುತ್ತಾರೆ. ಅವರನ್ನು ವಿಚಾರಿಸಬಹುದು.

ಧರ್ಮಪ್ಪನವರು ಕಂಬದಲ್ಲಿಯೇ ಇದ್ದರು. ಸೊಂಟದ ಬೆಲ್ಟ್ ಅವರನ್ನು ಬೀಳಲು ಬಿಟ್ಟಿರಲಿಲ್ಲ. ತಲೆ ನಮ್ಮ ಮನೆಯ ಕಡೆಗೆ ಬಾಗಿತ್ತು. ಅತುಲ್ ಮತ್ತು ಇನ್ನಿಬ್ಬರು ಏಣಿಯಿಂದ ಹತ್ತಿ ಇಳಿಸಿದರು. ಬಲ ಅಂಗೈ ಸುಟ್ಟಿತ್ತು. ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದಾಗ, ಬರುವ ಮೊದಲೇ ಪ್ರಾಣ ಹೋಗಿದೆಯೆಂದು ವೈದ್ಯರು ತಿಳಿಸಿದರು. ಚೀಲವು ಕಂಬದ ಬುಡದಲ್ಲಿಯೇ ಇತ್ತು. ಅದು ಈಗ ಠಾಣೆಯ ವಶದಲ್ಲಿರುತ್ತದೆ. ದಯವಿಟ್ಟು ಬಿಚ್ಚಿ ನೋಡಿರಿ. ಮೂರು ಫ್ಯೂಸುಗಳೂ ಒಂದು ಮಂಡಕ್ಕಿ ಪೊಟ್ಟಣವೂ ಇರಬೇಕು.

ಪೊಲೀಸರು ಬರುವ ಮೊದಲು ಸುಬ್ಬಪ್ಪನವರು ನನ್ನನ್ನೂ ಮಗನನ್ನೂ ಅಡುಗೆಮನೆಗೆ ಕರೆದು, "ಭಾವ, ಆಯುಧಪೂಜೆ ದಿನ ಲೈನ್‌ಮನ್ ಕುಡಿದಿದ್ದ ಅಂದ್ರೆ ಯಾರೂ ಇಲ್ಲ ಅನ್ನೋಲ್ಲ. ಕುಡಿದಿರ್ಲಿಲ್ಲ ಅಂದ್ರೇನೇ ಸಾಕ್ಷಿ ಕೇಳೋದು" ಎಂದರು. ಮಗನು ಗೋಡೆಗೆ ಒರಗಿ ನಿಂತಿದ್ದನು. "ಅಪ್ಪಾಜಿ, ನೀವು ಪೂಜೇಲಿ ಇದ್ರಿ. ಅಷ್ಟು ಹೇಳಿ, ಸಾಕು. ಅದು ಸುಳ್ಳಲ್ಲವಲ್ಲ" ಎಂದನು. ನಾನು ಅಷ್ಟನ್ನೇ ಹೇಳಿದೆನು.

ದಿನಾಂಕ ೦೪-೧೦-೨೦೨೫ರ ಶನಿವಾರ ನಾನು ಒಬ್ಬನೇ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಹಳೇನಗರದಲ್ಲಿ ಧರ್ಮಪ್ಪನವರ ಮನೆ ಹುಡುಕಿದೆನು. ವಿಮಲಮ್ಮನವರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ತಾವು ಹೊಸ್ತಿಲ ಬಳಿ ನೆಲದಲ್ಲಿ ಕುಳಿತರು. ನಾನು ಪರಿಹಾರದ ವಿಷಯ ಎತ್ತಬೇಕೆಂದಿದ್ದೆನು. ಅವರು ಅದನ್ನು ಕೇಳಲಿಲ್ಲ. "ಯಜಮಾನ್ರೇ, ನಿಮ್ಮ ಮನೆ ವಿಷ್ಯ ಅವ್ರು ಯಾವಾಗ್ಲೂ ಹೇಳೋರು. ಓಂಕಾರಪ್ಪೋರ ಮಾತು ಅಂದ್ರೆ ಮಾತು ಅನ್ನೋರು. ಅದಕ್ಕೇ ನಿಮ್ಮನ್ನ ಕೇಳ್ತೀನಿ. ಅವ್ರು ಕುಡಿದಿದ್ರಾ? ಇಪ್ಪತ್ತಾರು ವರ್ಷ ನಂಗೆ ಗೊತ್ತಾಗದಂಗೆ ಕುಡೀತಿದ್ರಾ?" ಎಂದರು.

ನಾನು ನೀರು ಕುಡಿದು ಲೋಟವನ್ನು ಕೆಳಗಿಟ್ಟು ಎದ್ದು ಬಂದೆನು. ಅವರ ಪ್ರಶ್ನೆಗೆ ಉತ್ತರವನ್ನು ಈಗ ತಮ್ಮ ಮೂಲಕ ಕೊಡುತ್ತಿದ್ದೇನೆ. ಅವರು ಕುಡಿದಿರಲಿಲ್ಲ.

ನಿನ್ನೆ ಮಧ್ಯಾಹ್ನ ಊಟದ ಸಮಯದಲ್ಲಿ, ಠಾಣೆಗೆ ಹೋಗುವುದಾಗಿ ಮನೆಯಲ್ಲಿ ತಿಳಿಸಿದೆನು. ಮಗನು ಕೈ ತೊಳೆದು ಎದ್ದು ಹೋದನು. ಪತ್ನಿಯು, "ಕಾರ್ಖಾನೇಲಿ ಊರೋರ್ಗೆಲ್ಲ ಅರ್ಜಿ ಬರ್ಕೊಟ್ರಿ. ಈಗ ಹೊಟ್ಟೇಲಿ ಹುಟ್ಟಿದೋನ್ನ ಬರ್ಕೊಡಿ. ಅಕ್ಷರ ಮಾತ್ರ ಚೆನ್ನಾಗಿರ್ಲಿ" ಎಂದಳು.

ಬೋರ್ಡಿನ ಪೂಜೆಯನ್ನು ಇದುವರೆಗೆ ಕದಲಿಸಿರುವುದಿಲ್ಲ. ಹೂವು ಒಣಗಿರುತ್ತದೆ. ಮಹಜರಿಗೆ ಬಂದಾಗ, ಎರಡೂ ಹಿಡಿಗಳಿಗೆ ನಾನು ಸುತ್ತಿದ ದಾರ ಒಂದು ಎಳೆಯೂ ತುಂಡಾಗದೆ ಇರುವುದನ್ನು ತಾವು ಕಾಣಬಹುದು. ದಾರ ತುಂಡಾಗಿಲ್ಲವೆಂದರೆ ಯಾವ ಸ್ವಿಚ್ಚೂ ತಿರುಗಿಲ್ಲವೆಂದು ಅರ್ಥ. ಸ್ವಿಚ್ಚು ತಿರುಗದೆಯೂ ಮನೆಯಲ್ಲಿ ದೀಪ ಉರಿಯಿತೆಂದರೆ ಕರೆಂಟು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನು ಇಲಾಖೆಯ ಯಾವ ಇಂಜಿನಿಯರರೂ ಹೇಳಬಲ್ಲರು. ತಾವು ಬರುವವರೆಗೆ ಆ ಹಾರವನ್ನು ಯಾರೂ ಮುಟ್ಟಕೂಡದೆಂದು ಕಟ್ಟು ಮಾಡಿರುತ್ತೇನೆ.

ಜ್ಞಾನೇಶ್ ನನ್ನ ಒಬ್ಬನೇ ಮಗನಾಗಿರುತ್ತಾನೆ. ಇದನ್ನು ದಯೆ ಕೋರಲು ಬರೆಸಿರುವುದಿಲ್ಲ. ಧರ್ಮಪ್ಪನವರಿಗೆ ಮಾತು ಕೊಟ್ಟವನು ನಾನು, ಹಾರ ಕಟ್ಟಿದವನು ನಾನು, ಸದ್ದು ಕೇಳಿಸದ ಸೆಟ್ಟು ಬೇಕೆಂದವನು ನಾನು. ವೈರು ಚುಚ್ಚಿದವನು ಅವನು. ಇವುಗಳಲ್ಲಿ ಯಾವುದು ಎಷ್ಟು ಅಪರಾಧವೆಂದು ತೂಗುವುದು ತಮಗೆ ಬಿಟ್ಟದ್ದು.

ಈ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಪತ್ನಿಯು ಒಂದು ಬಟ್ಟೆಯ ಚೀಲವನ್ನು ತಂದು ಜಗುಲಿಯ ಮೇಲಿಟ್ಟಳು. ಅದರೊಳಗಿರುವುದು ಬಟ್ಟೆ ಒಗೆಯುವ ಮೆಷಿನ್ನಿನ ಅಡಿಯಲ್ಲಿ ಹಬ್ಬದ ದಿನವೇ ಸಿಕ್ಕಿತ್ತೆಂದೂ, ಐದು ದಿನ ಅಕ್ಕಿ ಡಬ್ಬಿಯಲ್ಲಿ ಇಟ್ಟಿದ್ದಳೆಂದೂ ತಿಳಿಸಿದಳು. "ಇದಿಲ್ದೆ ಹೋದ್ರೆ ಮುದುಕನಿಗೆ ಅರಳುಮರಳು ಅಂತಾರೆ. ತಗೊಂಡು ಹೋಗಿ" ಎಂದು ಹೇಳಿ, ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಮೇಲೆ ಬರೆಸಿದ್ದೆಲ್ಲವನ್ನೂ ಓದಿಸಿ ಕೇಳಿರುತ್ತೇನೆ. ಸೇರಿಸುವುದು ಏನೂ ಇಲ್ಲ. ತೆಗೆಯಲು ನಾನು ಒಪ್ಪುವ ಮಾತು ಒಂದೂ ಇಲ್ಲ. ನಾನು ಕಂಡದ್ದು ಕಂಡಂತೆ, ಕೇಳಿದ್ದು ಕೇಳಿದಂತೆ ಇರುತ್ತದೆಂದು ಒಪ್ಪಿ ರುಜು ಮಾಡಿರುತ್ತೇನೆ.

ಸ್ಥಳ: ಶಿವಮೊಗ್ಗ
ದಿನಾಂಕ: ೦೬-೧೦-೨೦೨೫

(ಸಹಿ) ಹಾ. ಓಂಕಾರಪ್ಪ

ಲಗತ್ತು: ೧. ಹಳದಿ ವೈರು, ಒಂದು. ಉದ್ದ ಆರು ಅಡಿ. ಎರಡೂ ತುದಿಗೆ ಪಿನ್ ಇರುತ್ತದೆ.